ಕೇಳಿ ಕಾಯ್ದ ಕಾಡು

1887ನೆಯ ಇಸವಿ ಸೆಪ್ಟೆಂಬರ್ 23ರಂದು, ನ್ಯೂಜಿಲೆಂಡಿನ ಉತ್ತರ ದ್ವೀಪದ ಮಧ್ಯಭಾಗದಲ್ಲಿ ನೆಲೆಸಿದ್ದ ನ್ಗಾಟಿ ಟೂಫಾರೆಟೊವಾ ಎಂಬ ಮಾವೊರಿ ಕುಲದ ನಾಯಕನಾದ ನಾಲ್ಕನೆಯ ಟೆ ಹೆವುಹೆವು ಟುಕಿನೊ ಹೊರೊನುಕು, ತನ್ನ ತಂದೆಯ ಅಸ್ಥಿಗಳಿಂದಲೂ ವಂಶದ ಪುರಾಣಗಳಿಂದಲೂ ಪವಿತ್ರವೆನಿಸಿದ್ದ ಟೊಂಗರಿರೊ, ನ್ಗಾವುರುಹೊಯೆ, ರುವಪೆಹು ಎಂಬ ಮೂರು ಅಗ್ನಿಪರ್ವತಗಳ ಶಿಖರಭೂಮಿಯನ್ನು, ಸುಮಾರು 6,500 ಎಕರೆಗಳಷ್ಟನ್ನು, ವಿಕ್ಟೋರಿಯಾ ರಾಣಿಯ ಹೆಸರಿಗೆ ಬರೆದುಕೊಟ್ಟನು. ಆ ಬರಹದ ಬಲದಿಂದ 1894ರಲ್ಲಿ ಶಾಸನವೊಂದು ಹುಟ್ಟಿ, ಆ ದೇಶದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನ ಏರ್ಪಟ್ಟಿತು. ಜನಪ್ರಿಯ ಚರಿತ್ರೆಗಳಲ್ಲಿ ಇದು ಉದಾರದಾನವೊಂದರ ಕಥೆಯಾಗಿ ಬಹುಕಾಲ ನಿಂತಿತು. ಆದರೆ ಆ ಕಾಲದ ಸಂದರ್ಭವನ್ನು ಸ್ವಲ್ಪ ನಿಧಾನವಾಗಿ ನೋಡಿದವರಿಗೆ, ದಾತೃವಿನ ಮನಸ್ಸಿನಲ್ಲಿ ಔದಾರ್ಯದ ಜೊತೆಯಲ್ಲಿ ಒಂದು ದೊಡ್ಡ ಭಯವೂ ಇದ್ದಿತೆಂಬುದು ತೋರದೆ ಇರದು.

ಆ ಭಯಕ್ಕೆ ಕಾರಣವಾದದ್ದು ಮಾವೊರಿ ಭೂನ್ಯಾಯಾಲಯ. 1840ರ ಫೆಬ್ರುವರಿ 6ರಂದು ವೈಟಂಗಿಯಲ್ಲಿ ಬ್ರಿಟಿಷ್ ಪ್ರಭುತ್ವಕ್ಕೂ ಮಾವೊರಿ ನಾಯಕರಿಗೂ ಆದ ಒಡಂಬಡಿಕೆಯ ಎರಡನೆಯ ವಿಧಿಯು, ಅವರ ನೆಲವೂ ಕಾಡೂ ಮೀನುಗಾರಿಕೆಯೂ ಅವರಿಗೆ ಇಷ್ಟವಿರುವವರೆಗೆ ಅಬಾಧಿತವಾಗಿ ಅವರದೇ ಆಗಿರತಕ್ಕದ್ದೆಂದು ಮಾತು ಕೊಟ್ಟಿತ್ತು. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ, 1862 ಮತ್ತು 1865ರ ಶಾಸನಗಳ ಮೂಲಕ, ಕುಲಕ್ಕೆ ಕುಲವೇ ಒಡೆತನ ಹೊಂದಿದ್ದ ನೆಲವನ್ನು ವ್ಯಕ್ತಿಗಳ ಹೆಸರಿಗೆ ಹಂಚಿ, ಮಾರಾಟಕ್ಕೆ ಯೋಗ್ಯವಾದ ಹಕ್ಕುಪತ್ರಗಳನ್ನಾಗಿ ಮಾಡತಕ್ಕ ಯಂತ್ರವನ್ನು ಸರಕಾರ ನಿರ್ಮಿಸಿತು. ಒಂದು ಭೂಖಂಡಕ್ಕೆ ಹತ್ತು ಮಂದಿಯ ಹೆಸರನ್ನು ಮಾತ್ರ ಬರೆಯತಕ್ಕದ್ದೆಂಬ ಪದ್ಧತಿಯಿಂದ ಆ ಹತ್ತು ಮಂದಿ ಕಾನೂನಿನ ಕಣ್ಣಿಗೆ ಸರ್ವಸ್ವಾಮಿಗಳಾದರು. ಉಳಿದ ನೂರಾರು ಮಂದಿ ತಮ್ಮ ನೆಲದಲ್ಲಿಯೇ ಪರದೇಶಿಗಳಾದರು. ಮೋಜಣಿಯ ವೆಚ್ಚ, ನ್ಯಾಯಾಲಯದ ಶುಲ್ಕ, ತಿಂಗಳುಗಟ್ಟಲೆ ಪಟ್ಟಣದಲ್ಲಿ ಕಾದು ಕುಳಿತ ಸಾಲ, ಇವೆಲ್ಲವೂ ಸೇರಿ ನೆಲವನ್ನು ಉಳಿಸಿಕೊಳ್ಳಬೇಕೆಂದು ಹೋದವನೇ ಅದನ್ನು ಮಾರಿ ಬರಬೇಕಾಗುತ್ತಿತ್ತು. 1886ರಲ್ಲಿ ಆ ನ್ಯಾಯಾಲಯ ಟೌಪೊ ಪ್ರಾಂತಕ್ಕೆ ಬಂದಾಗ, ಪರ್ವತಗಳೂ ಹೀಗೆ ಚೂರುಚೂರಾಗಿ ಕಂಡವರ ಕೈಸೇರಿದರೆ ಗತಿಯೇನೆಂಬ ಚಿಂತೆ ಹೊರೊನುಕುವನ್ನು ಹಿಡಿದದ್ದು ಆಶ್ಚರ್ಯವಲ್ಲ.

ಆತ ಮಾಡಿದ್ದು ದಾನವೋ, ಅಥವಾ ರಾಣಿಯೊಡನೆ ಕೂಡಿ ಕಾಯೋಣವೆಂಬ ಸಹಭಾಗಿತ್ವದ ಒಡಂಬಡಿಕೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಒಡಂಬಡಿಕೆಯ ಉಲ್ಲಂಘನೆಯ ದೂರುಗಳನ್ನು ಕೇಳುವ ವೈಟಂಗಿ ನ್ಯಾಯಮಂಡಳಿಯು 2013ರ ತನ್ನ ವರದಿಯಲ್ಲಿ ಎರಡನೆಯ ಅರ್ಥದ ಕಡೆಗೇ ಒಲಿಯಿತು. ಆತನ ಮನಸ್ಸಿನಲ್ಲಿದ್ದುದು ಏನೇ ಆಗಿರಲಿ, ಪರಿಣಾಮ ಮಾತ್ರ ನಿರ್ವಿವಾದವಾದದ್ದು. ಪರ್ವತಗಳು ಉಳಿದವು, ಅವುಗಳ ಮೇಲೆ ಕುಲಕ್ಕಿದ್ದ ಅಧಿಕಾರ ಉಳಿಯಲಿಲ್ಲ. ಉದ್ಯಾನಕ್ಕೆಂದು ಸುತ್ತಲಿನ ಮತ್ತಷ್ಟು ಮಾವೊರಿ ಭೂಮಿ ಬಳಿಕ ಸರಕಾರದ ವಶವಾಯಿತು. ಪ್ರಕೃತಿರಕ್ಷಣೆಯೆಂದರೆ ಒಡೆತನದ ಪರಿತ್ಯಾಗವೆಂಬ ಸಮೀಕರಣ ಆ ನಾಡಿನಲ್ಲಿ ಮೊದಲು ಬರೆಯಲ್ಪಟ್ಟದ್ದು ಅಲ್ಲಿಯೇ. ಅದನ್ನು ಅಳಿಸುವುದಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾವೊರಿಗಳು ಕಾಡಿಗೆ ಎಂದೂ ಕೇಡು ಬಗೆಯದ ಋಷಿಜನರಾಗಿದ್ದರೆಂದು ಹೇಳುವವರೂ ಉಂಟು. ಅದು ಅವರಿಗೆ ಸಲ್ಲಿಸುವ ಗೌರವವಲ್ಲ, ಕಟ್ಟುಕಥೆ. ಹದಿಮೂರನೆಯ ಶತಮಾನದಲ್ಲಿ ಪಾಲಿನೇಷಿಯದಿಂದ ದೋಣಿಗಳಲ್ಲಿ ಬಂದ ಅವರ ಪೂರ್ವಿಕರು ಹಚ್ಚಿದ ಬೆಂಕಿಯಿಂದ, ವಿಶೇಷವಾಗಿ ಒಣಹವೆಯ ಪೂರ್ವಭಾಗದಲ್ಲಿ, ಅಪಾರ ಅರಣ್ಯ ನಾಶವಾಯಿತು. ಮೋವಾ ಎಂಬ ದೈತ್ಯಪಕ್ಷಿ ಒಂದೆರಡು ಶತಮಾನಗಳೊಳಗೆ ನಿರ್ವಂಶವಾಯಿತು. ಮನುಷ್ಯನು ಕಾಲಿಡುವ ಮುನ್ನ ಆ ದ್ವೀಪಗಳ ಶೇಕಡಾ 80ರಷ್ಟು ಕಾಡಾಗಿದ್ದರೆ, ಯೂರೋಪಿಯನ್ನರು ಬರುವ ವೇಳೆಗೆ ಅದು ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಉಳಿದ ಅರ್ಧದೊಡನೆ ಬಾಳುವುದನ್ನು ಆ ಜನ ಕಷ್ಟಪಟ್ಟು ಕಲಿತರೆಂಬುದೂ ಅಷ್ಟೇ ನಿಜ. ಹಕ್ಕಿಗಳು ಕ್ಷೀಣಿಸಿದ ಕಾಡಿಗೋ, ಮೀನು ಬರಿದಾದ ಕೊಲ್ಲಿಗೋ ಕೆಲವು ಕಾಲ ಯಾರೂ ಕೈಹಾಕಬಾರದೆಂದು ಹಿರಿಯರು ವಿಧಿಸುತ್ತಿದ್ದ ‘ರಾಹುಯಿ’ ಎಂಬ ನಿಷೇಧ ಇಂತಹ ಕಲಿಕೆಯ ಫಲ. ಅದು ಶಾಶ್ವತವಾದ ಕಟ್ಟಲೆಯಲ್ಲ. ಅಗತ್ಯ ತೀರಿದಾಗ, ವಿಧಿಸಿದವರೇ ತೆಗೆಯತಕ್ಕದ್ದು.

ಅನಂತರ ಬಂದ ಬಿಳಿಯರ ಕೊಡಲಿಗೂ ಬೆಂಕಿಕಡ್ಡಿಗೂ ಇಂತಹ ಸಂಯಮದ ಕಟ್ಟು ಇರಲಿಲ್ಲ. 1882ರಲ್ಲಿ ಹೆಪ್ಪುಗಟ್ಟಿಸಿದ ಮಾಂಸದ ಮೊದಲ ಹಡಗು ಇಂಗ್ಲೆಂಡಿಗೆ ಯಶಸ್ವಿಯಾಗಿ ತಲುಪಿದ ಮೇಲೆ ಕುರಿಯ ಮಾಂಸಕ್ಕೂ ಬೆಣ್ಣೆಗೂ ಸಮುದ್ರದಾಚೆ ಬೆಲೆ ಕಂಡುಬಂದು, ಕಾಡಿದ್ದ ನೆಲವೆಲ್ಲ ಹುಲ್ಲುಗಾವಲಾಗಬೇಕೆಂಬ ಆತುರ ಹುಟ್ಟಿತು. ರಿಮು, ಟೊಟರ, ಕಹಿಕಟೆಯ ಮುಂತಾದ ಮಹಾವೃಕ್ಷಗಳು ಮರದ ದಿಮ್ಮಿಗಾಗಿ ಸತ್ತದ್ದಕ್ಕಿಂತ ಬೂದಿಗಾಗಿ ಸತ್ತದ್ದೇ ಹೆಚ್ಚೆಂದರೆ ಅತ್ಯುಕ್ತಿಯಲ್ಲ. ಕಾಡನ್ನು ಕಡಿಯದೆ ಇಟ್ಟುಕೊಂಡ ಒಡೆಯ ಸೋಮಾರಿ. ಅವನ ನೆಲ ಬಂಜರು. ಆ ಕಾಲದ ಶಾಸನಗಳ ಒಳದನಿ ಇದು. ಮಾವೊರಿಗಳ ಕೈಯಲ್ಲಿ ಉಳಿದ ನೆಲವಾದರೋ ಬಹುಪಾಲು ಕಡಿದಾದ, ದಾರಿಯಿಲ್ಲದ, ಯಾರಿಗೂ ಬೇಡವಾದ ಒಳನಾಡು. ಬೇಡವೆಂದು ಬಿಟ್ಟುದರಿಂದಲೇ ಅದರ ಮೇಲೆ ಕಾಡು ಉಳಿದುಕೊಂಡಿತು. ಹೀಗೆ ಉಳಿದದ್ದೇ ಮುಂದೆ ಅವರಿಗೆ ಹೊಸದೊಂದು ಸಂಕಟವನ್ನು ತಂದಿತು.

ಏಕೆಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ತಮ್ಮ ಪಾಲಿನ ಕಾಡನ್ನು ಸುಟ್ಟು ಮುಗಿಸಿದ್ದ ವಲಸೆಗಾರರ ಸರಕಾರಕ್ಕೆ ಪ್ರಕೃತಿಸೌಂದರ್ಯದ ಮೇಲೆ ಮೋಹ ಹುಟ್ಟಿತು. 1903ರ ದೃಶ್ಯರಕ್ಷಣಾ ಶಾಸನ ಪ್ರವಾಸಿಗಳ ಕಣ್ಣಿಗೆ ಚೆಂದವಾದ ನದೀತೀರಗಳನ್ನೂ ಜಲಪಾತಗಳನ್ನೂ ವಶಪಡಿಸಿಕೊಳ್ಳುವುದಕ್ಕೆ ಅಧಿಕಾರ ನೀಡಿತು. ಫಂಗನುಯಿ ನದಿಯುದ್ದಕ್ಕೂ ಮಾವೊರಿಗಳ ನೆಲ ಹೀಗೆ ಹೋಯಿತು. ಇಡೀ ಕಣಿವೆಗಳನ್ನು ಸುಟ್ಟವನಿಗೆ ದಂಡವಿಲ್ಲ. ಸುಡದೆ ಉಳಿಸಿದವನ ನೆಲಕ್ಕೆ ಮಾತ್ರ ಜಫ್ತಿ. ಪರಿಸರತಜ್ಞನೂ ಚರಿತ್ರಕಾರನೂ ಆದ ಜೆಫ್ ಪಾರ್ಕ್ ಈ ವೈಪರೀತ್ಯವನ್ನು ಕುರಿತು ಬಹಳ ಬರೆದಿದ್ದಾನೆ: ಕಾಡನ್ನು ಚಿತ್ರದಂತೆ ನೋಡುವ ದೃಷ್ಟಿಯು, ಅದರೊಳಗೆ ಬಾಳಿದವರನ್ನು ಚಿತ್ರದಿಂದ ಹೊರಗಿಟ್ಟಿತು ಎಂಬುದು ಅವನ ವಾದದ ಸಾರ. 1921-22ರ ಶಾಸನ ಕೆರೆರು ಎಂಬ ಕಾಡುಪಾರಿವಾಳವನ್ನು ಹಿಡಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಿದಾಗಲೂ ಇದೇ ಮಾತು. ಅದರ ಕಾಡನ್ನು ಹೊಲವಾಗಿಸುವುದು ಅಭಿವೃದ್ಧಿ, ಅದರ ಮಾಂಸವನ್ನು ಅತಿಥಿಗೆ ಬಡಿಸುವುದು ಅಪರಾಧ. ಅದೇ ವೇಳೆಯಲ್ಲಿ, ತುಪ್ಪಳದ ವ್ಯಾಪಾರಕ್ಕೆಂದು 1837ರಿಂದ ಆಸ್ಟ್ರೇಲಿಯದಿಂದ ತಂದು ಬಿಟ್ಟಿದ್ದ ಪಾಸಮ್ ಎಂಬ ಮರವಾಸಿ ಪ್ರಾಣಿಗೆ ಕಾನೂನಿನ ಆಶ್ರಯವಿತ್ತು. ಆ ಆಶ್ರಯ ಪೂರ್ತಿಯಾಗಿ ತೊಲಗಿದ್ದು 1947ರಲ್ಲಿ. ಅಷ್ಟರಲ್ಲಿ ಅದು ಕಾಡಿನ ಚಿಗುರನ್ನೂ ಹಕ್ಕಿಯ ಮೊಟ್ಟೆಯನ್ನೂ ತಿನ್ನುತ್ತ ದೇಶದ ಬಹುಭಾಗಕ್ಕೆ ಹಬ್ಬಿತ್ತು.

ಈ ಎಲ್ಲ ಸಂಕಟಗಳೂ ಒಂದೇ ನೆಲದ ಮೇಲೆ ಸುರಿದದ್ದನ್ನು ನೋಡಬೇಕಾದರೆ ಟೆ ಉರೆವೆರಾ ಎಂಬ ಮಂಜುಮುಸುಕಿದ ಪರ್ವತಾರಣ್ಯಕ್ಕೆ ಹೋಗಬೇಕು. ಅದು ಟೂಹೋಯೆ ಕುಲದ ನಾಡು. 1840ರ ಒಡಂಬಡಿಕೆಗೆ ಅವರು ಸಹಿ ಹಾಕಲಿಲ್ಲ. ಅದನ್ನು ಅವರ ಬಳಿಗೆ ಯಾರೂ ಕೊಂಡೊಯ್ಯಲೂ ಇಲ್ಲ. 1865ರಲ್ಲಿ ಓಪೋಟಿಕಿಯಲ್ಲಿ ಪಾದ್ರಿಯೊಬ್ಬನ ಕೊಲೆಯಾದುದನ್ನು ನೆಪಮಾಡಿಕೊಂಡು ನಡೆದ ಯುದ್ಧದ ಕೊನೆಗೆ, 1866ರಲ್ಲಿ, ಆ ಕೊಲೆಯಲ್ಲಿ ಕೈಯಿಲ್ಲದ ಟೂಹೋಯೆಗಳ ಫಲವತ್ತಾದ ಕರಾವಳಿಯ ಭೂಮಿಯೂ ಮುಟ್ಟುಗೋಲಿಗೆ ಸಿಕ್ಕಿತು. ಬಂಡಾಯಗಾರ ಟೆ ಕೂಟಿಗೆ ಆಶ್ರಯವಿತ್ತ ತಪ್ಪಿಗೆ 1869ರಿಂದ ಮೂರು ವರ್ಷ ಸೈನ್ಯ ಅವರ ಕಣಿವೆಗಳಿಗೆ ನುಗ್ಗಿ ಊರನ್ನೂ ಬೆಳೆಯನ್ನೂ ಸುಟ್ಟಿತು. 1872ರಲ್ಲಿ ಹಿರಿಯರು ಸೇರಿ ‘ಎಪ್ಪತ್ತರ ಸಭೆ’ಯನ್ನು ಕಟ್ಟಿ, ಮೋಜಣಿದಾರನನ್ನೂ ರಸ್ತೆಯನ್ನೂ ಮಾರಾಟವನ್ನೂ ನಾಡಿನೊಳಕ್ಕೆ ಬಿಡುವುದಿಲ್ಲವೆಂದು ನಿಶ್ಚಯಿಸಿದರು. ಹಲವು ವರ್ಷಗಳ ಸೆಣಸಾಟದ ಬಳಿಕ, 1894ರಲ್ಲಿ ಪ್ರಧಾನಿ ರಿಚರ್ಡ್ ಸೆಡನ್ ಸ್ವತಃ ಆ ಕಾಡಿಗೆ ಬಂದು ಮಾತುಕತೆ ನಡೆಸಿದನು. 1896ರಲ್ಲಿ ಉರೆವೆರಾ ಜಿಲ್ಲೆಯ ಮೀಸಲು ಶಾಸನ ಜಾರಿಗೆ ಬಂದಿತು. 6,56,000 ಎಕರೆ ನೆಲ, ಅದರ ಮೇಲೆ ಕುಲದ ಸಮಿತಿಗಳದೇ ಆಡಳಿತ, ಭೂನ್ಯಾಯಾಲಯಕ್ಕೆ ಪ್ರವೇಶವಿಲ್ಲ. ಕಾಡನ್ನೂ ಹಕ್ಕಿಗಳನ್ನೂ ಉಳಿಸುವ ಮಾತೂ ಆ ಸಂಧಾನದಲ್ಲಿ ಬಂದಿತ್ತು. ಮಾವೊರಿ ಭೂಮಿಯನ್ನು ಮಾವೊರಿಗಳೇ ಕಾಯುವ ಏರ್ಪಾಡು ಕಾಗದದ ಮೇಲೆ ಅಂದೇ ಸಿದ್ಧವಾಗಿತ್ತು. ಅದನ್ನು ನಡೆಯಗೊಟ್ಟಿದ್ದರೆ ಈ ಲೇಖನದ ಉಳಿದ ಭಾಗ ಬಹಳ ಚಿಕ್ಕದಾಗುತ್ತಿತ್ತು.

ನಡೆಯಗೊಡಲಿಲ್ಲ. ಕುಲದ ಮಹಾಸಮಿತಿಯ ಒಪ್ಪಿಗೆಯಿಲ್ಲದೆ ನೆಲವನ್ನು ಕೊಳ್ಳಕೂಡದೆಂದು ತಾನೇ ಮಾಡಿದ ಕಾನೂನನ್ನು ಮೀರಿ, 1910ರಿಂದ ಸರಕಾರದ ಅಧಿಕಾರಿಗಳು ಒಬ್ಬೊಬ್ಬ ಪಾಲುದಾರನ ಮನೆಗೆ ಹೋಗಿ, ಹಸಿವೂ ರೋಗವೂ ಕಾಡುತ್ತಿದ್ದ ಆ ಕಾಲದಲ್ಲಿ, ಅವರವರ ಅವಿಭಕ್ತ ಪಾಲನ್ನು ಬಿಡಿಬಿಡಿಯಾಗಿ ಕೊಂಡರು. ಕಾನೂನುಬಾಹಿರವಾದ ಆ ಕೊಳ್ಳಾಟವನ್ನು ಬಳಿಕ ಇನ್ನೊಂದು ಶಾಸನದಿಂದ ಸಕ್ರಮಗೊಳಿಸಲಾಯಿತು. 1916ರ ಏಪ್ರಿಲ್ 2ರಂದು ಮೌಂಗಾಪೊಹಟು ಪರ್ವತದ ಬುಡದಲ್ಲಿ ತನ್ನ ಅನುಯಾಯಿಗಳೊಡನೆ ಊರು ಕಟ್ಟಿಕೊಂಡಿದ್ದ ರುವಾ ಕೆನಾನ ಎಂಬ ಪ್ರವಾದಿಯನ್ನು ಹಿಡಿಯಲು ಬಂದ ಸಶಸ್ತ್ರ ಪೊಲೀಸರ ಗುಂಡಿಗೆ ಅವನ ಮಗನೂ ಇನ್ನೊಬ್ಬನೂ ಬಲಿಯಾದರು. 1921ರಿಂದ ನಡೆದ ‘ಏಕೀಕರಣ’ದಲ್ಲಿ ಸರಕಾರ ತಾನು ಕೊಂಡ ಪಾಲುಗಳನ್ನೂ, ಮೋಜಣಿಯ ವೆಚ್ಚಕ್ಕೂ ರಸ್ತೆಗೂ ಎಂದು ಕತ್ತರಿಸಿದ ಭಾಗವನ್ನೂ ಒಟ್ಟುಗೂಡಿಸಿದಾಗ, ಮೀಸಲಿನ ಸುಮಾರು ಮುಕ್ಕಾಲು ಪಾಲು ಅದರ ಕೈಸೇರಿತ್ತು. ರಸ್ತೆಗಳ ಹೆಸರಿನಲ್ಲಿ ನೆಲ ಹೋಯಿತು; ಮಾತುಕೊಟ್ಟ ರಸ್ತೆಗಳು ಬರಲಿಲ್ಲ. ವ್ಯವಸಾಯಕ್ಕೆ ಆ ಕಡಿದಾದ ನೆಲ ಬಾರದೆಂದು ತಿಳಿದ ಮೇಲೆ, 1954ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಟೂಹೋಯೆಗಳನ್ನು ಯಾರೂ ಕೇಳಲಿಲ್ಲ. ಉದ್ಯಾನದ ನಡುನಡುವೆ ದ್ವೀಪಗಳಂತೆ ಉಳಿದಿದ್ದ ಅವರ ಸ್ವಂತ ಖಂಡಗಳಲ್ಲಿ ಮರ ಕಡಿದು ನಾಲ್ಕು ಕಾಸು ಕಾಣೋಣವೆಂದರೆ, ಜಲಾನಯನದ ರಕ್ಷಣೆಯೆಂಬ ಹೆಸರಿನಲ್ಲಿ ಅದಕ್ಕೂ ಅಡ್ಡಿ ಬಂದಿತು.

ಪ್ರಕೃತಿರಕ್ಷಣೆಯೆಂಬ ಸಂಸ್ಥೆಯನ್ನು ಮಾವೊರಿಗಳು ಸಂಶಯದಿಂದ ನೋಡುತ್ತಿದ್ದುದಕ್ಕೆ ಇಷ್ಟು ಹಿನ್ನೆಲೆ ಸಾಕು. ಎರಡನೆಯ ಮಹಾಯುದ್ಧದ ಅನಂತರದ ಶಾಸನಗಳು ಆ ಸಂಶಯವನ್ನು ಬೆಳೆಸಿದುವೇ ಹೊರತು ಕಳೆಯಲಿಲ್ಲ. 1953ರ ಶಾಸನ ಬೆಲೆಯಲ್ಲಿ ಅತ್ಯಲ್ಪವಾದ ಪಾಲುಗಳನ್ನು ಬಲಾತ್ಕಾರವಾಗಿ ಕೊಂಡುಕೊಳ್ಳುವುದಕ್ಕೂ, ಹಾಳುಬಿದ್ದ ನೆಲವನ್ನು ಗುತ್ತಿಗೆಗೆ ಕೊಡಿಸುವುದಕ್ಕೂ ದಾರಿ ಮಾಡಿತು. 1967ರದು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಒಡೆಯರಿದ್ದ ಮಾವೊರಿ ಭೂಮಿಯನ್ನು ಸಾಮಾನ್ಯ ಭೂಮಿಯನ್ನಾಗಿ ಪರಿವರ್ತಿಸತೊಡಗಿತು. ಕಟ್ಟಕಡೆಗೆ 1975ರ ಸೆಪ್ಟೆಂಬರಿನಲ್ಲಿ, ಎಪ್ಪತ್ತೊಂಬತ್ತು ವರ್ಷದ ವೃದ್ಧೆ ಫಿನಾ ಕೂಪರ್ ಉತ್ತರತುದಿಯ ಟೆ ಹಾಪುವಾದಿಂದ ಹೊರಟು, ಇನ್ನೊಂದು ಎಕರೆಯನ್ನೂ ಕಳೆದುಕೊಳ್ಳಲಾರೆವೆಂಬ ಘೋಷಣೆಯೊಡನೆ ತಿಂಗಳುಕಾಲ ನಡೆದು, ಅಕ್ಟೋಬರ್ 13ರಂದು ವೆಲ್ಲಿಂಗ್ಟನ್ನಿನ ಸಂಸತ್ತಿನ ಮೆಟ್ಟಿಲಿಗೆ ಸಾವಿರಾರು ಜನರನ್ನು ಕರೆತಂದಳು. ಅದೇ ವರ್ಷ ವೈಟಂಗಿ ನ್ಯಾಯಮಂಡಳಿ ಸ್ಥಾಪಿತವಾಯಿತು. 1985ರಲ್ಲಿ ಅದಕ್ಕೆ 1840ರಿಂದೀಚಿನ ಹಳೆಯ ದೂರುಗಳನ್ನೂ ಕೇಳುವ ಅಧಿಕಾರ ಬಂದಿತು. 1987ರಲ್ಲಿ ಹುಟ್ಟಿದ ಪ್ರಕೃತಿರಕ್ಷಣಾ ಇಲಾಖೆಯ ಮೂಲಶಾಸನವೇ ಒಡಂಬಡಿಕೆಯ ತತ್ತ್ವಗಳನ್ನು ಕಾರ್ಯಗತಗೊಳಿಸತಕ್ಕದ್ದೆಂದು ವಿಧಿಸಿತು.

ಈ ಹೊತ್ತಿಗೆ ಕಾಡಿಗೆ ಹೊಸದೊಂದು ಅಪಾಯ ಒದಗಿತ್ತು. ಖಾಸಗಿ ನೆಲದ ಮೂಲಾರಣ್ಯವನ್ನು ಕಡಿದು, ಚಕ್ಕೆಯಾಗಿ ಸೀಳಿ, ಕಾಗದಕ್ಕೆಂದು ಹಡಗುಗಟ್ಟಲೆ ಜಪಾನಿಗೆ ಸಾಗಿಸುವ ವ್ಯಾಪಾರ ಎಂಬತ್ತರ ದಶಕದಲ್ಲಿ ಬಲಿಯಿತು. 1990ರಲ್ಲಿ ಸರಕಾರ ಮೂಲಾರಣ್ಯನೀತಿಯೊಂದನ್ನು ಪ್ರಕಟಿಸಿ ಆ ರಫ್ತಿಗೆ ತಡೆ ಹಾಕಿತು. ಆದರೆ ಖಾಸಗಿ ಒಡೆಯರಲ್ಲಿ ಬಹುಮಂದಿ ಮಾವೊರಿಗಳು. ಅವರಲ್ಲಿಯೂ ದಕ್ಷಿಣ ದ್ವೀಪದವರ ಕಥೆ ಬೇರೆ. 1906ರಲ್ಲಿ, ನೆಲವೆಲ್ಲ ಕಳೆದುಕೊಂಡು ನಿರ್ಗತಿಕರಾದ 4,064 ಮಂದಿಗೆ ಪರಿಹಾರವೆಂದು ಸರಕಾರ ಸುಮಾರು 57,000 ಹೆಕ್ಟೇರು ನೆಲವನ್ನು ಹಂಚಿತ್ತು. ಹಂಚಿದ್ದು ಸ್ಟುವರ್ಟ್ ದ್ವೀಪ, ವೈಟುಟು ಮೊದಲಾದ, ಮನುಷ್ಯಸಂಚಾರವೇ ದುರ್ಲಭವಾದ ದಕ್ಷಿಣದ ಕಾಡುಗಳಲ್ಲಿ. ಎಂಬತ್ತು ವರ್ಷ ಯಾವ ಉಪಯೋಗಕ್ಕೂ ಬಾರದ ಆ ನೆಲದ ಮರಕ್ಕೆ ಬೆಲೆ ಬಂದಕೂಡಲೆ, ಅದು ರಾಷ್ಟ್ರದ ಸಂಪತ್ತು, ಮುಟ್ಟಬೇಡಿ ಎಂದರೆ, ಆ ಮೊಮ್ಮಕ್ಕಳಿಗೆ ಏನೆನಿಸಿರಬೇಕು! 1993ರ ಅರಣ್ಯ ತಿದ್ದುಪಡಿ ಶಾಸನ ಇತರ ಖಾಸಗಿ ಕಾಡುಗಳ ಮೇಲೆ ಹೇರಿದ ಸುಸ್ಥಿರ ಕಟಾವಿನ ಕಟ್ಟಳೆಯಿಂದ ಈ 1906ರ ನೆಲಗಳನ್ನು ಹೊರಗಿಟ್ಟುದು ಈ ನ್ಯಾಯವನ್ನು ಒಪ್ಪಿಕೊಂಡಂತೆಯೇ ಸರಿ.

ನೀತಿಯ ಜೊತೆಗೆ ನಿಧಿಯೂ ಬೇಕೆಂಬ ಅರಿವಿನಿಂದ 1991ರಲ್ಲಿ ‘ನ್ಗಾ ಫೆನುವಾ ರಾಹುಯಿ’ ಎಂಬ ನಿಧಿ ಆರಂಭವಾಯಿತು. ಪ್ರಕೃತಿರಕ್ಷಣಾ ಇಲಾಖೆಯ ಆಶ್ರಯದಲ್ಲಿದ್ದರೂ ಅದರ ಸಮಿತಿಯಲ್ಲಿ ಕುಳಿತವರು ಮಾವೊರಿಗಳು; ಆ ಸಮಿತಿಯ ಅಧ್ಯಕ್ಷತೆಯನ್ನು ಮುಂದೆ ವಹಿಸಿದವರು ಟೊಂಗರಿರೊ ಶಿಖರಗಳನ್ನು ಬರೆದುಕೊಟ್ಟ ಆ ಹೊರೊನುಕುವಿನ ವಂಶದವರೇ ಆದ ಸರ್ ಟುಮು ಟೆ ಹೆವುಹೆವು. ಈ ಏರ್ಪಾಡಿನ ಹೃದಯವೆಂದರೆ ಕವೆನಾಟ ಎಂಬ ಕರಾರು. 1977ರಿಂದಲೇ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನ ರಾಷ್ಟ್ರೀಯ ನ್ಯಾಸವೊಂದು ರೈತರೊಡನೆ ಕಾಡುರಕ್ಷಣೆಯ ಕರಾರುಗಳನ್ನು ಮಾಡಿಕೊಳ್ಳುತ್ತಿತ್ತು; ಅವು ಆಚಂದ್ರಾರ್ಕ. ಶಾಶ್ವತವಾಗಿ ಕೈ ಕಟ್ಟಿಕೊಳ್ಳುವುದೆಂದರೆ ಮಾವೊರಿಗಳಿಗೆ ನೆಲವನ್ನು ಇನ್ನೊಮ್ಮೆ ಕಳೆದುಕೊಂಡಂತೆ. ಹುಟ್ಟದಿರುವ ಮೊಮ್ಮಕ್ಕಳ ಪರವಾಗಿ ಸಹಿ ಹಾಕುವುದಕ್ಕೆ ತಮಗೆ ಅಧಿಕಾರವಿಲ್ಲವೆಂದು ಅವರ ಆಕ್ಷೇಪ. ಅದಕ್ಕೆ ತಕ್ಕ ಉತ್ತರವನ್ನು ಕವೆನಾಟ ಕಂಡುಹಿಡಿಯಿತು. ನೆಲದ ಒಡೆತನ ಒಡೆಯರಲ್ಲಿಯೇ ಇರತಕ್ಕದ್ದು. ಔಷಧಿಗೂ ಕೆತ್ತನೆಗೂ ಬೇಕಾದುದನ್ನು ಸಂಪ್ರದಾಯದಂತೆ ಕಾಡಿನಿಂದ ತರುವ ರೂಢಿಗೆ ಕರಾರಿನೊಳಗೇ ಸ್ಥಾನವಿರತಕ್ಕದ್ದು. ಬೇಲಿಗೂ ಆಡು, ಜಿಂಕೆ, ಪಾಸಮ್‌ಗಳ ನಿಯಂತ್ರಣಕ್ಕೂ ನಿಧಿ ಹಣ ಕೊಡತಕ್ಕದ್ದು. 25 ವರ್ಷಕ್ಕೊಮ್ಮೆ, ಎಂದರೆ ಒಂದು ತಲೆಮಾರಿಗೊಮ್ಮೆ, ಎರಡು ಪಕ್ಷದವರೂ ಕುಳಿತು ಕರಾರನ್ನು ಮತ್ತೆ ಪರಿಶೀಲಿಸತಕ್ಕದ್ದು. ರಾಹುಯಿಯ ಹಳೆಯ ಧರ್ಮವೇ ಕಾನೂನಿನ ಭಾಷೆಯನ್ನು ತೊಟ್ಟು ಬಂದಿತೆನ್ನಬಹುದು.

ಪ್ರಕೃತಿವಾದಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸಾವಿರ ವರ್ಷದ ಮರಕ್ಕೆ ಇಪ್ಪತ್ತೈದು ವರ್ಷದ ಭದ್ರತೆ ಎಂಥ ಭದ್ರತೆ? ಮುಂದಿನ ತಲೆಮಾರು ಕೊಡಲಿ ಎತ್ತಿದರೆ ತಡೆಯುವವರಾರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಾಶ್ವತವೆಂದು 1840ರಲ್ಲಿಯೂ 1896ರಲ್ಲಿಯೂ ಮಾತು ಕೊಟ್ಟ ಪಕ್ಷ ಯಾವುದು, ಅದನ್ನು ಮುರಿದ ಪಕ್ಷ ಯಾವುದು ಎಂಬುದನ್ನು ನೆನೆದರೆ, ಅನುಮಾನಿಸುವ ಹಕ್ಕು ಹೆಚ್ಚಾಗಿ ಯಾರದೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಇನ್ನೊಂದು ಕಷ್ಟ ಹೆಚ್ಚು ಲೌಕಿಕವಾದದ್ದು. ಭೂನ್ಯಾಯಾಲಯದ ಪದ್ಧತಿಯಿಂದ ತಲೆಮಾರಿನಿಂದ ತಲೆಮಾರಿಗೆ ಪಾಲುಗಳು ಒಡೆಯುತ್ತ ಹೋಗಿ, ಇಂದು ಉಳಿದಿರುವ ಸುಮಾರು 14 ಲಕ್ಷ ಹೆಕ್ಟೇರು ಮಾವೊರಿ ಭೂಮಿಗೆ, ಎಂದರೆ ದೇಶದ ನೆಲದ ಶೇಕಡಾ 5ರಷ್ಟಕ್ಕೆ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಪಾಲುಗಳಿವೆ. ಒಂದು ಕಣಿವೆಯ ಕಾಡಿಗೆ ಕರಾರು ಬರೆಯಬೇಕಾದರೆ ನೂರಾರು ಒಡೆಯರಿಗೆ ತಿಳಿಯಪಡಿಸಬೇಕು. ಅವರಲ್ಲಿ ಕೆಲವರು ಆಕ್ಲೆಂಡಿನಲ್ಲಿರುತ್ತಾರೆ, ಕೆಲವರು ಸಿಡ್ನಿಯಲ್ಲಿ, ಕೆಲವರು ಸ್ಮಶಾನದಲ್ಲಿ. ಸಭೆಗಳು ನಡೆದು ಒಮ್ಮತ ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಾಗಿದ್ದರೂ ಒಂದೂವರೆ ಲಕ್ಷ ಹೆಕ್ಟೇರಿಗಿಂತ ಹೆಚ್ಚಿನ ಕಾಡು ಸ್ವ-ಇಚ್ಛೆಯಿಂದಲೇ ಈ ಕರಾರಿನೊಳಗೆ ಬಂದಿದೆ.

ಕರಾರು ಎಲ್ಲ ಕಡೆಯೂ ಒಂದೇ ರೂಪದ್ದಾಗಿರಲಿಲ್ಲ. ದಕ್ಷಿಣದ ವೈಟುಟುವಿನಲ್ಲಿ, ಸಮುದ್ರದಂಚಿನ ಮೆಟ್ಟಿಲುಮೆಟ್ಟಿಲಾದ ನೆಲದ ಮೇಲೆ ಬೆಳೆದ ಅಪೂರ್ವ ಕಾಡಿನ ಒಡೆಯರೊಡನೆ ಸರಕಾರ ದೀರ್ಘಕಾಲ ಚೌಕಾಸಿ ನಡೆಸಿ, 1996ರಲ್ಲಿ ಒಪ್ಪಂದಕ್ಕೆ ಬಂದು, 1997ರಲ್ಲಿ ಅದಕ್ಕೆ ಶಾಸನದ ಮುದ್ರೆ ಒತ್ತಿತು. ಒಡೆಯರಿಗೆ ಸುಮಾರು 1 ಕೋಟಿ 35 ಲಕ್ಷ ಡಾಲರುಗಳೂ, ಬೇರೆಡೆಯ ಸರಕಾರಿ ಕಾಡಿನಲ್ಲಿ ಬೀಚ್ ಎಂಬ ಜಾತಿಯ ಮರ ಕಡಿಯುವ ಹಕ್ಕೂ ದೊರೆತವು. ನೆಲ ಅವರದಾಗಿಯೇ ಉಳಿಯಿತು. ಪಾಲನೆ ಮಾತ್ರ ಪಕ್ಕದ ಫಿಯೋರ್ಡ್‌ಲೆಂಡ್ ರಾಷ್ಟ್ರೀಯ ಉದ್ಯಾನದ ಭಾಗವೋ ಎಂಬಂತೆ ನಡೆಯತಕ್ಕದ್ದಾಯಿತು. ಒಂದು ಕಾಡಿಗೆ ಇನ್ನೊಂದು ಕಾಡನ್ನು ತೆತ್ತದ್ದು ನನಗಂತೂ ಅಷ್ಟು ಶೋಭಿಸುವ ವ್ಯವಹಾರವೆನಿಸದು; ಆದರೆ ಒಡೆಯನಿಗೆ ಬೆಲೆ ಕೊಡದೆ ಅವನ ಸ್ವತ್ತಿಗೆ ಬೀಗ ಹಾಕುವ ಹಳೆಯ ಚಾಳಿಗಿಂತ ಇದು ಎಷ್ಟೋ ಮೇಲು.

ಕಾಗದದ ಮೇಲಿನ ರಕ್ಷಣೆ ಕಾಡಿಗೆ ಸಾಲದೆಂಬುದನ್ನು ತೋರಿಸಿಕೊಟ್ಟ ಊರು ಉತ್ತರಪ್ರಾಂತದ ಮೋಟಾಟೌ. ಅದು ನ್ಗಾಟಿ ಹಿನೆ ಕುಲದವರ ನೆಲೆ. ಅಲ್ಲಿ ಸುಮಾರು 350 ಹೆಕ್ಟೇರಿನ ಕಾಡೊಂದಿದೆ. ಅಲ್ಲಿ ನೆಲೆಸಿದ ಕೆರೆರು ಪಾರಿವಾಳಕ್ಕೆ ಆ ಸೀಮೆಯವರು ಕೂಕುಪ ಎನ್ನುತ್ತಾರೆ. ಹಸುರು ಮಿಂಚುವ ಕೊರಳು, ಬಿಳಿಯ ಎದೆ, ಹಾರುವಾಗ ದೂರಕ್ಕೆ ಕೇಳುವ ರೆಕ್ಕೆಯ ಸದ್ದು. ಟರೈರೆ, ಮಿರೊ, ಪೂರಿರಿ ಮರಗಳ ದಪ್ಪ ಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜವನ್ನು ದೂರ ಹಾಕಬಲ್ಲ ಹಕ್ಕಿ ಆ ಕಾಡುಗಳಲ್ಲಿ ಈಗ ಬಹುಮಟ್ಟಿಗೆ ಇದೊಂದೇ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು, ಕೆಳಗೆ ನಿಂತು ನೋಡಿದರೆ ಆಕಾಶ ಕಾಣುವಷ್ಟು ತೆಳುವಾದ ಗೂಡಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ತೊಂಬತ್ತರ ದಶಕದಲ್ಲಿ ಹಕ್ಕಿಗಳ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು, ಕುಲದ ಹಿರಿಯರಾದ ಕೆವಿನ್ ಪ್ರೈಮ್ ಮುಂದಾಳಾಗಿ, ಸರಕಾರಿ ಸಂಶೋಧನಾಸಂಸ್ಥೆಯ ಜೀವಶಾಸ್ತ್ರಜ್ಞರನ್ನು ಕರೆದು, ಅವರೊಡನೆ ಊರಿನವರೂ ಕೂಡಿ ಗೂಡುಗಳನ್ನು ಕಾದು ನೋಡಿದರು. ಗೂಡಿನಿಂದ ಗೂಡಿಗೆ ಒಂದೇ ಕಥೆ: ಮೊಟ್ಟೆಯ ಚಿಪ್ಪು, ಹಲ್ಲಿನ ಗುರುತು, ಇಲಿ ಇಲ್ಲವೆ ಪಾಸಮ್. 1997ರಿಂದ ಕಾಡಿನುದ್ದಕ್ಕೂ ಸಾಲುಸಾಲಾಗಿ ಬೋನುಗಳನ್ನೂ ವಿಷದ ತಿನಿಸಿನ ಡಬ್ಬಗಳನ್ನೂ ಇಟ್ಟು, ಊರಿನ ಜನರೇ ಕೂಲಿ ಪಡೆದು ಅವನ್ನು ನೋಡಿಕೊಂಡರು. ಒಂದು ಶತ್ರುವಿನ ಸಂಖ್ಯೆಯನ್ನು ಮಾತ್ರ ಇಳಿಸಿದರೆ ಸಾಲದು, ಇಲಿಯೂ ಪಾಸಮ್ಮೂ ಎರಡೂ ತೀರ ಕಡಿಮೆಯಾದಲ್ಲದೆ ಮರಿ ಹಾರುವುದಿಲ್ಲವೆಂಬುದು ತಿಳಿಯಿತು. ಎರಡೂ ಇಳಿದ ಋತುವಿನಲ್ಲಿ ಗೂಡುಗಳಿಂದ ಮರಿಗಳು ಹಾರಿದವು. ಈ ಪ್ರಯೋಗದ ವರದಿ 2004ರಲ್ಲಿ ನ್ಯೂಜಿಲೆಂಡಿನ ಪರಿಸರವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದಾಗ, ವಿಜ್ಞಾನಿಗಳ ಹೆಸರಿನ ಜೊತೆಯಲ್ಲಿ ಪ್ರೈಮ್ ಅವರ ಹೆಸರೂ ಇದ್ದಿತು. ಮಾವೊರಿಗಳನ್ನು ಅರಣ್ಯದ ವಿಷಯದಲ್ಲಿ ಉಪದೇಶಕ್ಕೆ ಪಾತ್ರರೆಂದು ಮಾತ್ರ ಎಣಿಸುತ್ತಿದ್ದ ಕಾಲ ಮುಗಿಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತನ್ನು ನಾನು ಕಂಡಿಲ್ಲ.

ಟೆ ಉರೆವೆರಾದ ಲೆಕ್ಕವೂ ತಡವಾಗಿ ಒಂದು ಮಟ್ಟಕ್ಕೆ ಬಂದಿತು. ಟಾಮಟಿ ಕ್ರೂಗರ್ ಮುಂದಾಳುತನದಲ್ಲಿ ಹಲವು ವರ್ಷ ನಡೆದ ಸಂಧಾನದ ಫಲವಾಗಿ 2013ರಲ್ಲಿ ಒಪ್ಪಂದವಾಗಿ, ಸರಕಾರ ಕ್ಷಮೆ ಬೇಡಿ, 17 ಕೋಟಿ ಡಾಲರುಗಳ ಪರಿಹಾರವನ್ನು ಒಪ್ಪಿಕೊಂಡಿತು. 2014ರ ಶಾಸನದಿಂದ ಆ ರಾಷ್ಟ್ರೀಯ ಉದ್ಯಾನ ಉದ್ಯಾನವಾಗಿರುವುದೇ ನಿಂತು, 2,127 ಚದರ ಕಿಲೋಮೀಟರುಗಳ ಆ ಅರಣ್ಯ ಯಾರ ಸ್ವತ್ತೂ ಅಲ್ಲದ, ತನಗೆ ತಾನೇ ಒಡೆಯನಾದ ನ್ಯಾಯಿಕ ವ್ಯಕ್ತಿಯೆನಿಸಿತು. ಅದರ ಪರವಾಗಿ ಮಾತನಾಡುವ ಮಂಡಲಿಯಲ್ಲಿ ಮೊದಲು ಸರಕಾರಕ್ಕೂ ಟೂಹೋಯೆಗಳಿಗೂ ಸಮಪಾಲು. ಮೂರು ವರ್ಷಗಳ ಬಳಿಕ ಒಂಬತ್ತು ಮಂದಿಯಲ್ಲಿ ಆರು ಮಂದಿ ಟೂಹೋಯೆಗಳು. ಇದನ್ನು ಹೊರದೇಶದವರು ಬೆರಗಿನಿಂದ ಕೊಂಡಾಡಿದರು. ಟೂಹೋಯೆಗಳು ಬಯಸಿದ್ದು ನೆಲ ತಮಗೆ ಮರಳಿ ಬರುವುದನ್ನು. ಸರಕಾರ ಅದಕ್ಕೆ ಒಪ್ಪದೆ ಹೋದಾಗ ಹುಟ್ಟಿದ ಮಧ್ಯಮಮಾರ್ಗ ಇದು ಎಂಬುದನ್ನು ಕೊಂಡಾಡುವವರು ಮರೆಯಬಾರದು.

ಹಣದ ಕಡೆಯಿಂದ ಅನ್ಯಾಯ ಇನ್ನೂ ಕೆಲಕಾಲ ಮುಂದುವರಿಯಿತು. ಕಾಡನ್ನು ಕಾಡಾಗಿಯೇ ಉಳಿಸಿದ ಒಡೆಯರಿಗೆ ಅದರಿಂದ ಆದಾಯವಿಲ್ಲದಿದ್ದರೂ ಸ್ಥಳೀಯ ಸಂಸ್ಥೆಗಳ ಭೂಕರ ಅವರ ಹೆಸರಿನಲ್ಲಿ ಬೆಳೆಯುತ್ತ ಹೋಗುವ ಸಂದರ್ಭಗಳಿದ್ದವು. 2021ರ ತಿದ್ದುಪಡಿ ಶಾಸನ ಕವೆನಾಟಕ್ಕೆ ಒಳಪಟ್ಟ ನೆಲಕ್ಕೂ, ಬಳಕೆಯಲ್ಲಿಲ್ಲದ ಮಾವೊರಿ ಭೂಮಿಗೂ ಆ ಕರದಿಂದ ವಿನಾಯಿತಿ ಕೊಟ್ಟಿತು. ಉಳಿದ ಶತ್ರುಗಳು ಶಾಸನಕ್ಕೆ ಬಗ್ಗತಕ್ಕವಲ್ಲ: ಪಾಸಮ್, ಇಲಿ, ಸ್ಟೋಟ್ ಎಂಬ ಸಣ್ಣ ಬೇಟೆಗಾರ ಪ್ರಾಣಿ, ಆಡು, ಜಿಂಕೆ. ಬೋನು ಇಡುವ ಕೈ ಒಂದೆರಡು ವರ್ಷ ನಿಂತರೆ ಅವು ಮರಳಿ ಬರುತ್ತವೆ. ಆ ಕೈಗೆ ಕೂಲಿ ಕೊಡುವ ಹಣ ವರ್ಷವರ್ಷವೂ ಆಯವ್ಯಯದಲ್ಲಿ ಹೋರಾಡಿಯೇ ಬರಬೇಕು. ಈ ಇತಿಹಾಸವನ್ನೆಲ್ಲ ಓದಿದ ಮೇಲೆ ನನಗೆ ತೋರುವುದಿಷ್ಟು: ನೂರು ವರ್ಷ ನೆಲವನ್ನು ಕಸಿದುಕೊಂಡು ಕಾಡನ್ನು ಕಾಯಲು ಹೊರಟ ಸರಕಾರ, ಕಾಡನ್ನೂ ವಿಶ್ವಾಸವನ್ನೂ ಒಟ್ಟಿಗೆ ಗಳಿಸಿದ್ದು ಒಡೆಯನನ್ನು ಒಡೆಯನೆಂದು ಕಂಡು ಕೇಳಲು ಕಲಿತ ಮೇಲೆಯೇ. 1990ರ ದಶಕದಲ್ಲಿ ಬರೆದ ಮೊದಲ ಕವೆನಾಟಗಳಿಗೆ ಈಗ ಇಪ್ಪತ್ತೈದು ವರ್ಷ ತುಂಬಿ, ಮರುಪರಿಶೀಲನೆಯ ಕಾಲ ಬಂದಿದೆ. ಸಹಿ ಹಾಕಿದ ಹಿರಿಯರ ಸ್ಥಾನದಲ್ಲಿ ಕುಳಿತಿರುವ ಹೊಸ ತಲೆಮಾರಿನವರನ್ನು ಸರಕಾರ ಇನ್ನೊಮ್ಮೆ ಕೇಳಬೇಕಾಗಿದೆ.